ಒಣನೆಲದ ಭರವಸೆ

ಮಳೆ ಕಡಮೆಯಾದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ನೆಲದೊಳಗಿನ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಾಯದುರ್ಗ, ಮಡಕಶಿರಗಳ ಕಡೆಯಾಗಲಿ, ಅಕ್ಕಲಕೋಟೆ, ಜತ್ತಗಳ ಕಡೆಯಾಗಲಿ, ಹಳ್ಳದಲ್ಲಿ ನೀರು ಹರಿಯುವುದು ವರ್ಷಕ್ಕೆ ಕೆಲವೇ ದಿನ. ಮಿಕ್ಕ ಕಾಲದಲ್ಲಿ ಬಾವಿಯ ಒರತೆಯೇ ಊರಿನ ಜೀವ. ಆದರೆ ಇಂತಹ ನಾಡುಗಳನ್ನು ಹೊರಗಿನಿಂದ ಬಂದು ನೋಡುವವರ ಕಣ್ಣಿಗೆ ಒರತೆ ಕಾಣುವುದಿಲ್ಲ; ಕಾಣುವುದು ಬಯಲು, ಕುರುಚಲು ಗಿಡ, ಧೂಳು. ಇದು ಬರಡು ನೆಲ, ಇಲ್ಲಿ ಏನನ್ನು ತಂದು ಸುರಿದರೂ ಹಾನಿಯಿಲ್ಲ ಎಂಬ ತೀರ್ಮಾನಕ್ಕೆ ಅವರು ಸುಲಭವಾಗಿ ಬಂದುಬಿಡುತ್ತಾರೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಈ ತೀರ್ಮಾನವು ವಿಜ್ಞಾನದ ಉಡುಪನ್ನು ಧರಿಸಿ, ಪರಮಾಣು ಉದ್ಯಮದ ತ್ಯಾಜ್ಯಗಳಿಗೆ ನೆಲೆಯನ್ನು ಹುಡುಕಿತು. ಅಮೇರಿಕದ ಪಶ್ಚಿಮ ಭಾಗದ ಒಣನಾಡುಗಳಲ್ಲಿ ಅದರಿಂದ ಏನಾಯಿತೆಂಬುದನ್ನು ಈ ಲೇಖನದಲ್ಲಿ ನಾವು ಕ್ರಮವಾಗಿ ನೋಡೋಣ.

ಮೊದಲು ಈ ತ್ಯಾಜ್ಯದ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಯುರೇನಿಯಮ್ಮನ್ನು ಪರಮಾಣು ಸ್ಥಾವರದಲ್ಲಿ ಉರಿಸಿದಾಗ ಅದರ ಒಂದು ಅಂಶವು ಪ್ಲುಟೋನಿಯಂ ಆಗಿ ಮಾರ್ಪಡುತ್ತದೆ. ಜೊತೆಗೆ ಸ್ಟ್ರಾನ್ಷಿಯಂ, ಸೀಸಿಯಂ, ಟೆಕ್ನೀಷಿಯಂ, ಅಯೊಡೀನ್ ಮೊದಲಾದ ಧಾತುಗಳ ವಿಕಿರಣಶೀಲ ರೂಪಗಳೂ ಹುಟ್ಟುತ್ತವೆ. ಉರಿದ ಇಂಧನವನ್ನು ಆಮ್ಲದಲ್ಲಿ ಕರಗಿಸಿ ಪ್ಲುಟೋನಿಯಮ್ಮನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವವೇ ಇಲ್ಲಿ ಹೇಳತಕ್ಕ ಮುಖ್ಯ ತ್ಯಾಜ್ಯ. ಅದನ್ನು ಸುಟ್ಟು ನಾಶಮಾಡಲು ಬಾರದು. ಅದು ತಾನಾಗಿ ಕ್ಷಯಿಸುವವರೆಗೆ ಕಾಯಬೇಕು. ಒಂದು ವಿಕಿರಣಶೀಲ ಪದಾರ್ಥವು ಅರ್ಧದಷ್ಟಾಗಲು ಹಿಡಿಯುವ ಕಾಲಕ್ಕೆ ಅರ್ಧಾಯುಷ್ಯವೆಂದು ಹೆಸರು. ಜಲಜನಕದ ವಿಕಿರಣಶೀಲ ರೂಪವಾದ ಟ್ರಿಟಿಯಮ್ಮಿಗೆ ಅದು ಸುಮಾರು 12 ವರ್ಷ. ಸ್ಟ್ರಾನ್ಷಿಯಂ-90 ಮತ್ತು ಸೀಸಿಯಂ-137ಕ್ಕೆ ಸುಮಾರು 30 ವರ್ಷ. ಪ್ಲುಟೋನಿಯಂ-239ಕ್ಕೆ 24,000 ವರ್ಷ. ಟೆಕ್ನೀಷಿಯಂ-99ಕ್ಕೆ 2 ಲಕ್ಷ ವರ್ಷಕ್ಕೂ ಮೇಲು. ಅಯೊಡೀನ್-129ಕ್ಕೆ ಒಂದೂವರೆ ಕೋಟಿ ವರ್ಷಕ್ಕೂ ಅಧಿಕ. ಈ ಅಂಕೆಗಳನ್ನು ವಿದ್ಯಾರ್ಥಿ ಮಿತ್ರರು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಕೋರುತ್ತೇವೆ. ಏಕೆಂದರೆ ಈ ಚರಿತ್ರೆಯ ಎಲ್ಲ ತೊಡಕೂ ಇರುವುದು ಮನುಷ್ಯನ ಕಾಲಕ್ಕೂ ಈ ಪದಾರ್ಥಗಳ ಕಾಲಕ್ಕೂ ಇರುವ ಅಂತರದಲ್ಲಿಯೇ.

ಎರಡನೆಯ ಮಹಾಯುದ್ಧದ ನಡುವೆ, 1942ರ ಕೊನೆಯಲ್ಲಿ, ಅಮೇರಿಕದ ಸೇನೆ ಪ್ಲುಟೋನಿಯಂ ತಯಾರಿಕೆಗೆ ಸ್ಥಳವನ್ನು ಅರಸುತ್ತಿತ್ತು. ಸ್ಥಾವರಗಳನ್ನು ತಣಿಸಲು ಸಮೃದ್ಧವಾದ ತಣ್ಣೀರು ಬೇಕು, ಹೇರಳ ವಿದ್ಯುಚ್ಛಕ್ತಿ ಬೇಕು, ಸುತ್ತಲೂ ಜನವಸತಿ ವಿರಳವಾಗಿರಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಕೊಲಂಬಿಯಾ ನದಿಯ ದಂಡೆಯ ಹ್ಯಾನ್‌ಫರ್ಡ್ ಬಯಲಿನಲ್ಲಿ ಈ ಮೂರೂ ದೊರೆತವು. ಅಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 7 ಅಂಗುಲ ಮಾತ್ರ. 1943ರ ಜನವರಿಯಲ್ಲಿ ಸ್ಥಳ ನಿಶ್ಚಯವಾಯಿತು. ಮಾರ್ಚಿ ತಿಂಗಳಲ್ಲಿ ಹ್ಯಾನ್‌ಫರ್ಡ್ ಮತ್ತು ವೈಟ್ ಬ್ಲಫ್ಸ್ ಎಂಬ ಸಣ್ಣ ಊರುಗಳ ರೈತರ ಕೈಗೆ ಮನೆಮಠಗಳನ್ನು ಬಿಟ್ಟು ಹೊರಡಬೇಕೆಂಬ ಆಜ್ಞಾಪತ್ರಗಳು ಬಂದವು. ಸುಮಾರು 1,500 ಜನ ತಾವು ನೀರೆರೆದು ಬೆಳೆಸಿದ್ದ ಹಣ್ಣಿನ ತೋಟಗಳನ್ನು ತೊರೆದರು. ಅವರಿಗಿಂತ ಎಷ್ಟೋ ಹಿಂದಿನಿಂದ ಆ ನದಿಯಲ್ಲಿ ಮೀನು ಹಿಡಿದು ಬದುಕಿದ್ದ ವಾನಪಂ ಎಂಬ ಮೂಲನಿವಾಸಿಗಳಿಗೂ ತಮ್ಮ ನೆಲೆಗಳು ಎರವಾದವು. ಜನವಿಲ್ಲದ ನೆಲವೆಂದು ಕಡತಗಳಲ್ಲಿ ಬರೆಯಲು ಬರುವುದಕ್ಕೆ ಮೊದಲು ಅಲ್ಲಿಂದ ಜನರನ್ನು ತೆಗೆಯಬೇಕಾಯಿತೆಂಬುದು ಗಮನಾರ್ಹ.

1944ರ ಸೆಪ್ಟೆಂಬರ್ 26ರಂದು ಅಲ್ಲಿನ ಮೊದಲ ದೊಡ್ಡ ಸ್ಥಾವರವಾದ ‘ಬಿ’ ರಿಯಾಕ್ಟರು ಕೆಲಸವಾರಂಭಿಸಿತು. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಂ ತಯಾರಾದದ್ದು ಹ್ಯಾನ್‌ಫರ್ಡಿನಲ್ಲಿ. ಯುದ್ಧ ಮುಗಿದರೂ ತಯಾರಿಕೆ ನಿಲ್ಲಲಿಲ್ಲ. 1987ರವರೆಗೆ ಒಟ್ಟು ಒಂಬತ್ತು ರಿಯಾಕ್ಟರುಗಳು ಅಲ್ಲಿ ದುಡಿದವು. ಹೊರಬಂದ ತ್ಯಾಜ್ಯವನ್ನು ಎರಡು ಬಗೆಯಾಗಿ ವಿಂಗಡಿಸಿದರು. ಅತ್ಯಂತ ತೀವ್ರವಾದುದನ್ನು ನೆಲದಡಿಯಲ್ಲಿ ಕಟ್ಟಿದ ಉಕ್ಕಿನ ಒಳಕವಚದ ಕಾಂಕ್ರೀಟು ತೊಟ್ಟಿಗಳಲ್ಲಿ ತುಂಬಿದರು. ಅದಕ್ಕಿಂತ ತಿಳಿಯಾದ ದ್ರವವನ್ನು ಕೊಳಗಳಿಗೂ ಕಾಲುವೆಗಳಿಗೂ ಜಲ್ಲಿ ತುಂಬಿದ ಇಂಗುಗುಂಡಿಗಳಿಗೂ ಬಿಟ್ಟು, ನೆಲವೇ ಅದನ್ನು ಕುಡಿಯುವಂತೆ ಮಾಡಿದರು. ಹೀಗೆ ನೆಲಕ್ಕೆ ಬಿಟ್ಟ ದ್ರವದ ಮೊತ್ತ ಸುಮಾರು 1.7 ಲಕ್ಷ ಕೋಟಿ ಲೀಟರು.

ಇದನ್ನು ಕೇವಲ ಉಡಾಫೆಯೆಂದು ತಳ್ಳಿಹಾಕುವುದು ಚರಿತ್ರೆಗೆ ನ್ಯಾಯವಾಗದು. ಇದರ ಹಿಂದೆ ಒಂದು ಸಿದ್ಧಾಂತವಿತ್ತು, ಅದರಲ್ಲಿ ಅರ್ಧ ಸತ್ಯವೂ ಇತ್ತು. ಹ್ಯಾನ್‌ಫರ್ಡಿನ ನಡುಬಯಲಿನಲ್ಲಿ ಅಂತರ್ಜಲವಿರುವುದು 200ರಿಂದ 300 ಅಡಿ ಆಳದಲ್ಲಿ. ಅದರ ಮೇಲೆ ಇರುವುದೆಲ್ಲ ಒಣ ಮರಳು, ಗರಸು, ಮಣ್ಣು. ಬಿದ್ದ ಅಲ್ಪ ಮಳೆಯನ್ನು ಬಿಸಿಲೂ ಗಿಡಗಳ ಬೇರುಗಳೂ ಹೀರಿಬಿಡುವುದರಿಂದ ಆಳಕ್ಕೆ ಇಳಿಯುವ ನೀರು ಅತ್ಯಲ್ಪ. ಅದಲ್ಲದೆ ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಂಶವಿರುತ್ತದೆ. ಧನ ವಿದ್ಯುದಂಶವಿರುವ ಸೀಸಿಯಂ, ಸ್ಟ್ರಾನ್ಷಿಯಂ ಅಯಾನುಗಳು ಹಾದುಹೋಗುವಾಗ ಅವುಗಳನ್ನು ಕಣಗಳು ಹಿಡಿದುಕೊಳ್ಳುತ್ತವೆ. ಆದುದರಿಂದ ಈ 200 ಅಡಿಯ ಒಣಮಣ್ಣು ಒಂದು ಮಹಾ ಶೋಧಕದಂತೆ ವರ್ತಿಸಿ, ವಿಷವನ್ನು ತನ್ನಲ್ಲಿಯೇ ಇಟ್ಟುಕೊಂಡು, ಕೆಳಗಿನ ನೀರನ್ನು ಕಾಯುವುದೆಂದು ಅಲ್ಲಿನವರು ನಂಬಿದರು.

ನಂಬಿಕೆ ಕೆಟ್ಟದ್ದು ಎಲ್ಲಿ? ಮೊದಲನೆಯದಾಗಿ, ಒಣನೆಲವೆಂದು ಆರಿಸಿದ ಸ್ಥಳಕ್ಕೆ ನೀರನ್ನು ತಂದು ಸುರಿದವರು ಆರಿಸಿದವರೇ. ಆಕಾಶದಿಂದ 7 ಅಂಗುಲ ಬೀಳುವ ಕಡೆ ಕೊಳವೆಗಳಿಂದ ಹೊಳೆಯಂತೆ ದ್ರವ ಬಿತ್ತು. ಇಂಗುಗುಂಡಿಗಳ ಅಡಿಯಲ್ಲಿ ಅಂತರ್ಜಲದ ಮಟ್ಟವು ದಿಬ್ಬದ ಹಾಗೆ ಎದ್ದು, ಕೆಲವೆಡೆ 60 ಅಡಿಗೂ ಮೇಲೆ ಏರಿತು. ದಿಬ್ಬವಿದ್ದಲ್ಲಿ ಇಳಿಜಾರು ಇರಲೇಬೇಕಷ್ಟೆ. ನೀರು ಹಿಂದೆಂದೂ ಹರಿಯದಿದ್ದ ದಿಕ್ಕುಗಳಿಗೂ ಹರಿಯತೊಡಗಿತು. ಒಣತನವೇ ಆ ನೆಲದ ಗುಣವೆಂದು ಅದನ್ನು ಆರಿಸಲಾಗಿತ್ತು. ಬಳಕೆಗೆ ಬಂದ ದಿನದಿಂದ ಆ ಗುಣವೇ ಅಳಿಯಿತು.

ಎರಡನೆಯದಾಗಿ, ಮಣ್ಣು ಎಲ್ಲವನ್ನೂ ಹಿಡಿಯುವುದಿಲ್ಲ. ಟ್ರಿಟಿಯಂ ನೀರಿನ ಅಣುವಿನೊಳಗೇ ಸೇರಿಕೊಳ್ಳುವುದರಿಂದ ಅದು ನೀರೇ ಆಗಿಬಿಡುತ್ತದೆ. ಯಾವ ಶೋಧಕವೂ ಅದನ್ನು ತಡೆಯಲಾರದು. ಟೆಕ್ನೀಷಿಯಂ, ಅಯೊಡೀನ್, ನೈಟ್ರೇಟುಗಳು ನೀರಿನಲ್ಲಿ ಋಣ ಅಯಾನುಗಳಾಗಿರುವುದರಿಂದ ಜೇಡಿಯ ಕಣಗಳು ಅವನ್ನು ಸೆಳೆಯುವ ಬದಲು ದೂಡುತ್ತವೆ. ಹೀಗೆ ಬೇಗ ಚಲಿಸುವ ಪದಾರ್ಥಗಳು ಅಂತರ್ಜಲವನ್ನು ಸೇರಿ ಮೈಲಿಗಟ್ಟಲೆ ಹರಡಿದವು. ಟ್ರಿಟಿಯಂ ಕೊಲಂಬಿಯಾ ನದಿಯವರೆಗೂ ಹೋಗಿ ಮುಟ್ಟಿತು. ದಂಡೆಗೆ ಸಮೀಪವಿದ್ದ ‘ಎನ್’ ರಿಯಾಕ್ಟರಿನ ಇಂಗುಗುಂಡಿಗಳಿಂದ ಸ್ಟ್ರಾನ್ಷಿಯಮ್ಮೂ ನದಿಯಂಚಿನ ಒರತೆಗಳಲ್ಲಿ ಕಾಣಿಸಿಕೊಂಡಿತು. ಕೊಲಂಬಿಯಾ ಬಹು ದೊಡ್ಡ ನದಿಯಾದುದರಿಂದ ಅದರಲ್ಲಿ ಬೆರೆತಾಗ ಇವುಗಳ ಸಾಂದ್ರತೆ ಬಹಳ ಇಳಿಯುತ್ತದೆಂಬುದನ್ನೂ ಹೇಳಬೇಕು. ಆದರೆ ಅಂತಹ ನದಿ ಪಕ್ಕದಲ್ಲಿರುವುದು ಒಣನಾಡಿನ ಭಾಗ್ಯವಲ್ಲ. ಬಹುತೇಕ ಒಣನಾಡುಗಳಲ್ಲಿ ಬೆರೆಸಿಕೊಳ್ಳಲು ಬೇರೆ ನೀರೇ ಇರುವುದಿಲ್ಲ.

ಇನ್ನು ತೊಟ್ಟಿಗಳ ವಿಷಯ. 1943ರಿಂದ 1964ರವರೆಗೆ ಒಂದೇ ಉಕ್ಕಿನ ಕವಚವುಳ್ಳ 149 ತೊಟ್ಟಿಗಳನ್ನೂ, ತರುವಾಯ ಎರಡು ಕವಚಗಳುಳ್ಳ 28 ತೊಟ್ಟಿಗಳನ್ನೂ ಕಟ್ಟಿದರು. ಈ 177 ತೊಟ್ಟಿಗಳಲ್ಲಿ ತುಂಬಿಟ್ಟ ತ್ಯಾಜ್ಯ ಸುಮಾರು 21 ಕೋಟಿ ಲೀಟರು. ಮೊದಲ ತೊಟ್ಟಿಗಳನ್ನು ಕೆಲವು ದಶಕಗಳ ಬಾಳಿಕೆಗೆಂದು ಕಟ್ಟಿದ್ದರು; ಅಷ್ಟರಲ್ಲಿ ಶಾಶ್ವತವಾದ ಉಪಾಯವೊಂದು ದೊರೆಯುವುದೆಂಬ ನಿರೀಕ್ಷೆಯಿತ್ತು. ಉಪಾಯ ದೊರೆಯುವುದಕ್ಕೆ ಮೊದಲೇ ತೊಟ್ಟಿಗಳು ಸೋರಿದವು. ಒಂದೇ ಕವಚದ ತೊಟ್ಟಿಗಳಲ್ಲಿ 67ರಷ್ಟು ಸೋರಿರಬಹುದೆಂದೂ, ಹೀಗೆ ಮಣ್ಣು ಸೇರಿದ ದ್ರವ ಸುಮಾರು 38 ಲಕ್ಷ ಲೀಟರೆಂದೂ ಅಂದಾಜು ಮಾಡಲಾಗಿದೆ.

ಇವುಗಳಲ್ಲಿ ಅತ್ಯಂತ ದೊಡ್ಡದು 1973ರಲ್ಲಿ ‘ಟಿ-106’ ಎಂಬ ತೊಟ್ಟಿಯಲ್ಲಿ ಸಂಭವಿಸಿತು. ಏಪ್ರಿಲಿನಿಂದ ಜೂನಿನವರೆಗೆ ಸುಮಾರು ಏಳು ವಾರಗಳ ಕಾಲ ಅದು ಸೋರುತ್ತಲೇ ಇತ್ತು. 4 ಲಕ್ಷ ಲೀಟರಿಗೂ ಹೆಚ್ಚು ದ್ರವ ನೆಲಕ್ಕಿಳಿಯಿತು. ತೊಟ್ಟಿಯ ಮಟ್ಟವನ್ನು ಅಳೆಯುವ ಏರ್ಪಾಡು ಇರಲಿಲ್ಲವೇ? ಇತ್ತು. ಮಟ್ಟ ಇಳಿಯುತ್ತಿದ್ದುದನ್ನು ಕೆಲಸಗಾರರು ಅಂಕೆಗಳಲ್ಲಿ ಬರೆದಿಡುತ್ತಲೂ ಇದ್ದರು. ಬರೆದ ಅಂಕೆಗಳನ್ನು ಓದಿ ಹೋಲಿಸಿ ನೋಡಬೇಕಾದವರು ನೋಡಲಿಲ್ಲ. ಪಾಠಶಾಲೆಯಲ್ಲಿ ಲೆಕ್ಕವನ್ನು ಬರೆಯುವುದಕ್ಕೂ ಅರ್ಥಮಾಡಿಕೊಳ್ಳುವುದಕ್ಕೂ ಇರುವ ಭೇದವನ್ನು ಉಪಾಧ್ಯಾಯರು ಎಷ್ಟೋ ಬಾರಿ ಹೇಳುತ್ತಾರೆ. ಆ ಭೇದಕ್ಕೆ ಇದಕ್ಕಿಂತ ಘೋರವಾದ ಉದಾಹರಣೆ ವಿರಳ.

ತೊಟ್ಟಿಗಳಿಂದ ಸೋರಿದುದು ಕೆಳಗಿನ ಅಂತರ್ಜಲವನ್ನು ಬಹು ದೀರ್ಘಕಾಲದವರೆಗೆ ಮುಟ್ಟಲಾರದೆಂದೇ ಅಧಿಕಾರಿಗಳು ವಾದಿಸುತ್ತ ಬಂದರು. ಆದರೆ ಆಳದ ಕೊಳವೆಗಳಲ್ಲಿ ಪರೀಕ್ಷಿಸಿದಾಗ, ಮೇಲೆಯೇ ನಿಲ್ಲಬೇಕಾಗಿದ್ದ ಸೀಸಿಯಂ ಕೂಡ ನೂರು ಅಡಿಗೂ ಕೆಳಗೆ ಇಳಿದಿದ್ದುದು ಕಂಡುಬಂದಿತು. ಇದರ ಕಾರಣವನ್ನು ರಸಾಯನಶಾಸ್ತ್ರ ತಿಳಿಸುತ್ತದೆ. ತೊಟ್ಟಿಯ ದ್ರವದಲ್ಲಿ ಸೋಡಿಯಂ ಲವಣ ಅತಿಶಯವಾಗಿತ್ತು. ಮಣ್ಣಿನ ಕಣಗಳಲ್ಲಿ ಸೀಸಿಯಂ ಕೂರಬೇಕಾದ ಜಾಗಗಳನ್ನೆಲ್ಲ ಸೋಡಿಯಂ ಮೊದಲೇ ಆಕ್ರಮಿಸಿದುದರಿಂದ ಸೀಸಿಯಮ್ಮಿಗೆ ಎಡೆ ಸಿಕ್ಕದೆ ಅದು ಮುಂದೆ ಸಾಗಿತು. ಅದೂ ಸಾಲದೆಂಬಂತೆ, ತೊಟ್ಟಿಗಳ ಮೇಲಿನ ನೆಲದಲ್ಲಿ ಗಿಡ ಬೆಳೆಯಬಾರದೆಂದು ಜಲ್ಲಿಯನ್ನು ಹರಡಿದ್ದರು. ಬೇರುಗಳಿಲ್ಲದ ಜಲ್ಲಿಯ ನೆಲ ಮಳೆಯನ್ನೂ ಹಿಮದ ನೀರನ್ನೂ ಗಿಡವಿರುವ ನೆಲಕ್ಕಿಂತ ಬಹಳ ಹೆಚ್ಚಾಗಿ ಆಳಕ್ಕಿಳಿಸಿತು. ಕಡೆಗೆ 1997ರಲ್ಲಿ, ತೊಟ್ಟಿಗಳ ತ್ಯಾಜ್ಯ ಅಂತರ್ಜಲವನ್ನು ಸೇರಿದೆಯೆಂದು ಅಮೇರಿಕದ ಇಂಧನಶಕ್ತಿ ಇಲಾಖೆ ಒಪ್ಪಿಕೊಂಡಿತು.

ಇದು ಹ್ಯಾನ್‌ಫರ್ಡ್ ಒಂದರ ಕಥೆಯಾಗಿದ್ದರೆ ಅಪವಾದವೆಂದು ಬಿಡಬಹುದಾಗಿತ್ತು. ಅದರ ಆಗ್ನೇಯಕ್ಕಿರುವ ಐಡಹೊ ರಾಜ್ಯದ ಸ್ನೇಕ್ ನದಿಯ ಬಯಲೂ ಒಣನಾಡೇ. ನಮ್ಮ ಸೊಲ್ಲಾಪುರ ಪ್ರಾಂತದ ಕಪ್ಪು ಬಂಡೆಯ ಜಾತಿಗೇ ಸೇರಿದ ಬಸಾಲ್ಟ್ ಶಿಲೆ ಅಲ್ಲಿಯೂ ಹಾಸಿಕೊಂಡಿದೆ. ಅದರ ಬಿರುಕುಗಳಲ್ಲಿ ಅಪಾರವಾದ ಅಂತರ್ಜಲವಿದೆ. 1949ರಲ್ಲಿ ಅಲ್ಲಿ ರಿಯಾಕ್ಟರುಗಳ ಪರೀಕ್ಷಾಕೇಂದ್ರ ಸ್ಥಾಪಿತವಾಯಿತು. 1952ರಿಂದ 1984ರವರೆಗೆ ಅಲ್ಲಿನ ಇಂಧನ ಸಂಸ್ಕರಣ ಶಾಲೆಯ ತಿಳಿದ್ರವ ತ್ಯಾಜ್ಯವನ್ನು ಸುಮಾರು 600 ಅಡಿ ಆಳದ ಕೊಳವೆಬಾವಿಯ ಮೂಲಕ ನೇರವಾಗಿ ಅಂತರ್ಜಲಕ್ಕೇ ಇಳಿಸಿದರು. ನೀರನ್ನು ಮೇಲೆತ್ತಲು ನಾವು ಕೊರೆಯುವ ಬಾವಿಯಿಂದ ವಿಷವನ್ನು ಕೆಳಗಿಳಿಸಿದ ಈ ಏರ್ಪಾಡನ್ನು ಓದಿದಾಗ ಮನಸ್ಸು ಮುದುಡುತ್ತದೆ. ಘನ ತ್ಯಾಜ್ಯವನ್ನು ಹೂಳಿದ್ದ ಕಂದಕಗಳಿಗೆ 1962, 1969 ಮತ್ತು 1982ರಲ್ಲಿ ಕರಗಿದ ಹಿಮದ ನೀರು ನುಗ್ಗಿತು. ಒಣನಾಡಿನಲ್ಲಿ ಮಳೆ ಅಪರೂಪವೆಂಬುದು ನಿಜ. ಆದರೆ ಬಂದಾಗ ಅದು ಸರಾಸರಿಯ ಲೆಕ್ಕವನ್ನು ಕೇಳಿಕೊಂಡು ಬರುವುದಿಲ್ಲ. ಬರಗಾಲದ ಸೀಮೆಯಲ್ಲಿ ಒಂದೇ ರಾತ್ರಿ ಕೆರೆಯ ಏರಿ ಒಡೆದುದನ್ನು ಕಂಡವರಿಗೆ ಈ ಮಾತಿನ ವಿವರಣೆ ಬೇಡ.

ಎಚ್ಚರಿಕೆ ಹೇಳಿದವರು ಇರಲಿಲ್ಲವೆಂದಲ್ಲ. ಅಮೇರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಭೂವಿಜ್ಞಾನಿಗಳ ಸಮಿತಿಯೊಂದು 1966ರಲ್ಲಿಯೇ ಈ ಸ್ಥಳಗಳನ್ನು ಪರಿಶೀಲಿಸಿ, ದೂರಕಾಲದ ಸುರಕ್ಷತೆಗಿಂತ ಸದ್ಯದ ಖರ್ಚಿನ ಮಿತವ್ಯಯಕ್ಕೆ ಕೆಲವೆಡೆ ಹೆಚ್ಚು ಗಮನ ಕೊಡಲಾಗಿದೆಯೆಂದು ಆಕ್ಷೇಪಿಸಿತು. ಆ ವರದಿ ಸಾರ್ವಜನಿಕರ ಕೈಸೇರಿದ್ದು 1970ರಲ್ಲಿ. ಸತ್ಯವನ್ನು ಕಂಡವರು ಹೇಳಿದ್ದರು. ಕೇಳಬೇಕಾದವರಿಗೆ ಅದು ನಾಲ್ಕು ವರ್ಷ ತಲುಪಲಿಲ್ಲ.

ಯುದ್ಧಕಾಲದ ಅವಸರವನ್ನು ಕಾರಣವಾಗಿ ಹೇಳುವವರು ನೆವಾಡ ರಾಜ್ಯದ ಬೀಟಿಯನ್ನೂ ನೋಡಬೇಕು. ಅಮರ್ಗೋಸ ಮರುಭೂಮಿಯ ಈ ಊರಿನ ಬಳಿ 1962ರಲ್ಲಿ, ಶಾಂತಿಕಾಲದಲ್ಲಿ, ಕಡಮೆ ತೀವ್ರತೆಯ ವಿಕಿರಣ ತ್ಯಾಜ್ಯವನ್ನು ಹೂಳುವ ವಾಣಿಜ್ಯ ನೆಲೆಯನ್ನು ತೆರೆದರು. ಮಳೆ ವರ್ಷಕ್ಕೆ ನಾಲ್ಕು ಅಂಗುಲದಷ್ಟು. ಅಂತರ್ಜಲ ಸುಮಾರು 300 ಅಡಿ ಕೆಳಗೆ. ಇದಕ್ಕಿಂತ ಒಣಗಿದ ನೆಲವನ್ನು ಎಲ್ಲಿ ಹುಡುಕುವುದು? ಆದರೂ ನಿಯಮಕ್ಕೆ ವಿರುದ್ಧವಾಗಿ ಅಲ್ಲಿ ಕೆಲಕಾಲ ದ್ರವ ತ್ಯಾಜ್ಯವನ್ನೂ ಕಂದಕಗಳಿಗೆ ಸುರಿದರು. 1992ರಲ್ಲಿ ನೆಲೆ ಮುಚ್ಚಿತು. ಅದರ ಪಕ್ಕದಲ್ಲಿಯೇ ಸಂಶೋಧನೆ ನಡೆಸುತ್ತಿದ್ದ ಅಮೇರಿಕದ ಭೂವೈಜ್ಞಾನಿಕ ಸಮೀಕ್ಷೆಯವರಿಗೆ, ಕಂದಕಗಳಾಚೆಯ ಒಣಮಣ್ಣಿನಲ್ಲಿ ಟ್ರಿಟಿಯಂ ಬಹು ಆಳದವರೆಗೆ ಹರಡಿರುವುದು 1990ರ ದಶಕದಲ್ಲಿ ಗೋಚರವಾಯಿತು. ಒಣಮಣ್ಣಿನ ಸಂದುಗಳಲ್ಲಿ ನೀರು ಹನಿಯಾಗಿ ಮಾತ್ರವಲ್ಲದೆ ಆವಿಯಾಗಿಯೂ ಚಲಿಸಬಲ್ಲದು ಎಂಬುದನ್ನು ಈ ಶೋಧನೆ ಮನದಟ್ಟುಮಾಡಿತು. 2015ರ ಅಕ್ಟೋಬರ್ 18ರಂದು ಭಾರಿ ಮಳೆಯ ನೀರು ಹಳೆಯ ಕಂದಕವೊಂದರೊಳಗೆ ಇಳಿದು, ಅಲ್ಲಿ ಹೂಳಿದ್ದ ಸೋಡಿಯಂ ಲೋಹದ ಪೀಪಾಯಿಗಳನ್ನು ಮುಟ್ಟಿ, ಬೆಂಕಿ ಹೊತ್ತಿ ಸ್ಫೋಟಗಳಾದವು. ಮಳೆಯಿಲ್ಲದ ಸ್ಥಳವೆಂದು ಆರಿಸಿದ ಕಡೆ ಮಳೆಯೇ ಕಿಚ್ಚಿಟ್ಟಿತು.

ಬೀಟಿಯಲ್ಲಿ ದೊರೆತ ಈ ತಿಳಿವಳಿಕೆ ವ್ಯರ್ಥವಾಗಲಿಲ್ಲ. ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯ ವಾರ್ಡ್ ಕಣಿವೆಯಲ್ಲಿ ಅಂತಹುದೇ ಇನ್ನೊಂದು ನೆಲೆಯನ್ನು ಮಾಡುವ ಯೋಜನೆಯಿತ್ತು. ಕೊಲರಾಡೊ ನದಿ ಅಲ್ಲಿಗೆ ಇಪ್ಪತ್ತು ಮೈಲಿಯಷ್ಟು ದೂರದಲ್ಲಿದೆ. ಆ ನದಿಯನ್ನೇ ನಂಬಿದ ಐದು ಮೂಲನಿವಾಸಿ ಬುಡಕಟ್ಟುಗಳೂ ಅವರ ಜೊತೆಗೂಡಿದ ಇತರರೂ 1998ರಲ್ಲಿ 113 ದಿನ ಆ ಸ್ಥಳವನ್ನು ಬಿಟ್ಟು ಕದಲಲಿಲ್ಲ. 1999ರಲ್ಲಿ ಯೋಜನೆ ನಿಂತುಹೋಯಿತು. ಹೊರಗಿನವರ ಕಣ್ಣಿಗೆ ಬರಿದಾಗಿ ಕಂಡ ಆ ಕಣಿವೆ ಅವರ ಪಾಲಿಗೆ ಪೂಜ್ಯವಾದ ಭೂಮಿಯಾಗಿತ್ತು.

ಕೆಟ್ಟುದನ್ನು ಸರಿಪಡಿಸುವ ಕೆಲಸ ಹೇಗಿದೆಯೆಂದು ವಾಚಕರು ಕೇಳಬಹುದು. 1989ರ ಮೇ 15ರಂದು ಹ್ಯಾನ್‌ಫರ್ಡಿನ ಶುದ್ಧೀಕರಣಕ್ಕಾಗಿ ಕೇಂದ್ರದ ಇಂಧನಶಕ್ತಿ ಇಲಾಖೆ, ಪರಿಸರ ರಕ್ಷಣಾ ಸಂಸ್ಥೆ, ವಾಷಿಂಗ್ಟನ್ ರಾಜ್ಯ ಇವು ಮೂರೂ ಸೇರಿ ಒಂದು ಒಪ್ಪಂದ ಮಾಡಿಕೊಂಡವು. 2012ರಿಂದ ಅಲ್ಲಿ ಒಂದು ದೊಡ್ಡ ಯಂತ್ರಾಗಾರವು ಕೆಟ್ಟ ಅಂತರ್ಜಲವನ್ನು ಮೇಲೆತ್ತಿ, ಶೋಧಿಸಿ, ಮತ್ತೆ ನೆಲಕ್ಕೆ ಬಿಡುತ್ತಿದೆ. ತೊಟ್ಟಿಗಳ ತ್ಯಾಜ್ಯವನ್ನು ಗಾಜಿನೊಳಗೆ ಬೆರೆಸಿ ಗಟ್ಟಿಯಾಗಿಸುವ ಕಾರ್ಖಾನೆಯ ನಿರ್ಮಾಣ 2002ರಲ್ಲಿ ಮೊದಲಾಯಿತು. ಕಡಮೆ ತೀವ್ರತೆಯ ಭಾಗವನ್ನು ಗಾಜಾಗಿಸುವ ಕೆಲಸ ಆರಂಭವಾದುದು 2025ರ ಅಕ್ಟೋಬರಿನಲ್ಲಿ. ಈ ನಡುವೆ 2013ರಲ್ಲಿ ‘ಟಿ-111’, 2021ರಲ್ಲಿ ‘ಬಿ-109’ ಎಂಬ ತೊಟ್ಟಿಗಳು ಸೋರುತ್ತಿರುವುದು ಪ್ರಕಟವಾಯಿತು. ಸುರಿಯುವುದನ್ನು ನಿಲ್ಲಿಸಿ ದಶಕಗಳಾದ ಮೇಲೂ ಒಣಮಣ್ಣಿನಲ್ಲಿ ಸಿಕ್ಕಿಕೊಂಡಿರುವುದು ಮೆಲ್ಲಮೆಲ್ಲನೆ ಇಳಿಯುತ್ತಲೇ ಇರುತ್ತದೆ. ಮಳೆ ನಿಂತರೂ ಮರದ ಹನಿ ನಿಲ್ಲದೆಂಬ ಗಾದೆ ನೆಲದೊಳಗೂ ಸಲ್ಲುತ್ತದೆ.

ಈ ಪ್ರಶ್ನೆ ಕನ್ನಡನಾಡಿನ ಬಾಗಿಲನ್ನೂ ಒಮ್ಮೆ ತಟ್ಟಿತ್ತು. ಕೋಲಾರದ ಚಿನ್ನದ ಗಣಿಯ ಕೈಬಿಟ್ಟ ಭಾಗವೊಂದರಲ್ಲಿ, ಸುಮಾರು 1,000 ಮೀಟರು ಆಳದಲ್ಲಿ, 1980ರ ದಶಕದಲ್ಲಿ ನಮ್ಮ ದೇಶದ ಪರಮಾಣು ವಿಜ್ಞಾನಿಗಳು ಪ್ರಯೋಗಗಳನ್ನು ನಡೆಸಿದರು. ತ್ಯಾಜ್ಯವನ್ನು ಅಲ್ಲಿ ಇರಿಸಲಿಲ್ಲ. ಅದು ಹೊರಸೂಸುವ ಶಾಖವನ್ನು ಬಂಡೆ ಹೇಗೆ ತಾಳುವುದೆಂಬುದನ್ನು ವಿದ್ಯುತ್ ಶಾಖಕಗಳಿಂದ ಪರೀಕ್ಷಿಸಿದರು. ಗಣಿ 2001ರಲ್ಲಿ ಮುಚ್ಚಿತು. 2012ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಕೂಡಂಕುಳಂ ಸ್ಥಾವರದ ಮೊಕದ್ದಮೆ ನಡೆಯುತ್ತಿದ್ದಾಗ, ಅಲ್ಲಿನ ಉರಿದ ಇಂಧನದ ಸಂಬಂಧವಾಗಿ ಕೋಲಾರದ ಹೆಸರು ಕೇಳಿಬಂದಿತು. ಜನರು ಬೀದಿಗಿಳಿದು ಪ್ರತಿಭಟಿಸಿದರು. ಅಂತಹ ಯೋಜನೆ ಇಲ್ಲವೆಂದು ಸರ್ಕಾರ ಸ್ಪಷ್ಟಪಡಿಸಿತು. ಕೋಲಾರ ಮಳೆ ಕಡಮೆಯಾದ ಜಿಲ್ಲೆ. ಆದರೂ ಪಂಪುಗಳು ನಿಂತ ಮೇಲೆ ಆ ಗಣಿಯ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಮೇಲೆ ಒಣಗಿರುವ ನೆಲ ಒಳಗೂ ಒಣಗಿರಬೇಕೆಂಬ ನಿಯಮವಿಲ್ಲ.

ಪರಮಾಣು ಶಕ್ತಿ ಬೇಕೆ ಬೇಡವೆ ಎಂಬ ವಿವಾದವನ್ನು ನಾವು ಇಲ್ಲಿ ಎತ್ತಿಕೊಂಡಿಲ್ಲ. ನಾವು ಹೇಳಬಯಸುವುದು ಒಂದು ಐತಿಹಾಸಿಕ ಪಾಠವನ್ನು ಮಾತ್ರ. ಒಣನೆಲವನ್ನು ಆರಿಸಿದವರು ಅಲ್ಲಿ ಬೀಳುವ ಮಳೆಯನ್ನು ಅಳೆದರು. ತಾವು ತಂದು ಸುರಿಯುವ ನೀರನ್ನು ಆ ಲೆಕ್ಕಕ್ಕೆ ಸೇರಿಸಲಿಲ್ಲ. ತಮ್ಮ ಉದ್ಯೋಗಾವಧಿಯ ಮೂವತ್ತು ವರ್ಷಗಳನ್ನು ಎಣಿಸಿದರು. ಟೆಕ್ನೀಷಿಯಮ್ಮಿನ ಎರಡು ಲಕ್ಷ ವರ್ಷಗಳನ್ನು ಎಣಿಸಲಿಲ್ಲ. ನೀರು ಹೇರಳವಾಗಿರುವ ನಾಡಿನಲ್ಲಿ ಒಂದು ಬಾವಿ ಕೆಟ್ಟರೆ ಜನ ಇನ್ನೊಂದಕ್ಕೆ ಹೋಗಬಹುದು. ಒಣನಾಡಿನಲ್ಲಿ ಕೆಟ್ಟ ಒರತೆಗೆ ಬದಲಿಯಿಲ್ಲ. ಆದುದರಿಂದ ಎಲ್ಲಿ ನೀರು ಕಡಮೆಯೋ ಅಲ್ಲಿಯೇ ಎಚ್ಚರ ಹೆಚ್ಚಾಗಬೇಕು. ಸಕ್ಕರೆಯ ಕಾರ್ಖಾನೆಯ ಕೊಳೆನೀರಾಗಲಿ, ಬಣ್ಣದ ಅಂಗಡಿಯ ರೊಚ್ಚಾಗಲಿ, ಊರ ಹೊರಗಿನ ಹಾಳುಬಾವಿಗೆ ಬಿಡಬಹುದೆಂದು ಯಾರಾದರೂ ಹೇಳಿದಾಗ, ಆ ಬಾವಿಯ ತಳ ಎಲ್ಲಿಗೆ ಕೂಡಿಕೊಂಡಿದೆಯೆಂದು ಕೇಳುವ ಅಭ್ಯಾಸ ನಮ್ಮ ಮಕ್ಕಳಿಗೆ ಬರಲಿ. ಕೇಳಿ ಪಡೆದ ಉತ್ತರವನ್ನು ಬರೆದಿಟ್ಟುಕೊಳ್ಳಲಿ. ಬರೆದಿಟ್ಟುದನ್ನು ವರ್ಷಕ್ಕೊಮ್ಮೆಯಾದರೂ ತೆರೆದು ಓದಲಿ.